ಸಂಪಿಗೆಯ ಬಳಗ ಹುಡುಕಿ ಹೊರಟ ಜಾನಕಿ ಅಮ್ಮಾಳ್

ನಾವು ಮುಡಿಯುವ ಸಂಪಿಗೆಗೆ ಈಶಾನ್ಯ ಭಾರತದ ಕಾಡುಗಳಲ್ಲಿ ದೊಡ್ಡ ಬಳಗವೇ ಇದೆ. ಮ್ಯಾಗ್ನೋಲಿಯಾ ಎಂಬ ಆ ಬಳಗದ ಬೆನ್ನು ಹತ್ತಿದವರಲ್ಲಿ ಜಾನಕಿ ಅಮ್ಮಾಳ್ ಒಬ್ಬರು.

1897ರಲ್ಲಿ ಕೇರಳದ ತಲಶ್ಶೇರಿಯಲ್ಲಿ ಹುಟ್ಟಿದ ಅವರು ಮದರಾಸಿನಲ್ಲಿ ಓದಿ, ಅಲ್ಲೇ ಕಾಲೇಜಿನಲ್ಲಿ ಪಾಠ ಹೇಳಿದರು. ಮದುವೆಯನ್ನು ಬದಿಗಿಟ್ಟು ಅಮೆರಿಕಕ್ಕೆ ಹೋಗಿ, 1931ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಮೇಲೆ, ಇಂಗ್ಲೆಂಡಿನ ವಿಸ್ಲಿಯಲ್ಲಿ ಮ್ಯಾಗ್ನೋಲಿಯಾ ಗಿಡಗಳ ಮೇಲೆ ಸಂಶೋಧನೆ ಮಾಡಿದರು. 1951ರಲ್ಲಿ ನೆಹರೂ ಅವರ ಕರೆಗೆ ಓಗೊಟ್ಟು ತಾಯ್ನಾಡಿಗೆ ಮರಳಿ, ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯ ಪುನರ್ರಚನೆಗೆ ನಿಂತರು.

ಯಾವ ಗಿಡ ಎಲ್ಲಿ ಬೆಳೆಯುತ್ತದೆ, ಅಲ್ಲೇ ಏಕೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ಒಣಹವೆಯ ವಾಯವ್ಯ ಹಿಮಾಲಯಕ್ಕಿಂತ, ಚಳಿಯೂ ತೇವವೂ ಕೂಡಿದ ಈಶಾನ್ಯ ಹಿಮಾಲಯದಲ್ಲಿ ಸಸ್ಯಗಳ ಕ್ರೋಮೋಸೋಮ್ ಸಂಖ್ಯೆ ಹೆಚ್ಚಿ, ಹೊಸ ಪ್ರಭೇದಗಳು ಹೆಚ್ಚು ಹುಟ್ಟಿವೆ ಎಂದು ಅವರು ಕಂಡುಕೊಂಡರು.

ಒಮ್ಮೆ ಒಂದೇ ಒಂದು ಮರಕ್ಕಾಗಿ ಶಿಲ್ಲಾಂಗ್‌ನಿಂದ 37 ಮೈಲಿ ಹೋದರು. ಅದು ಅಸ್ಸಾಮಿನ ಆ ಭಾಗದಲ್ಲಿದ್ದ ಏಕೈಕ ಮ್ಯಾಗ್ನೋಲಿಯಾ ಗ್ರಿಫಿತಿ. ತಲುಪಿ ನೋಡಿದರೆ ಮರ ಸುಟ್ಟುಹೋಗಿತ್ತು!

ಎಂಬತ್ತರ ವಯಸ್ಸಿನಲ್ಲಿ ಅವರು ಕೇರಳದ ಸೈಲೆಂಟ್ ವ್ಯಾಲಿಯ ಜಲವಿದ್ಯುತ್ ಯೋಜನೆಯನ್ನು ವಿರೋಧಿಸಿ, ಅಲ್ಲಿನ ಸಸ್ಯಗಳ ಕ್ರೋಮೋಸೋಮ್ ಸಮೀಕ್ಷೆಗೆ ಮುಂದಾದರು. 1984ರ ಫೆಬ್ರುವರಿಯಲ್ಲಿ ಮದರಾಸಿನಲ್ಲಿ ತೀರಿಕೊಂಡರು. ಅದೇ ನವೆಂಬರಿನಲ್ಲಿ ಆ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು. ಅಂದು ಆ ಒಂಟಿ ಮರ ಉಳಿಯಲಿಲ್ಲ. ಇಂದು ಈ ಕಾಡು ಉಳಿದಿದೆ.