ಮೈಕ್ ಸೆಟ್ಟಿನ ಅಜ್ಜ ಪೀಟರ್ ಜೆನ್ಸನ್

ಪುತ್ತೂರಿನಿಂದ ಸುಳ್ಯಕ್ಕೆ ಬರುವ ದಾರಿಯಲ್ಲೋ ಕಡಬ ಪೇಟೆಯಲ್ಲೋ ಜೀಪಿನ ಮೇಲೆ ಹಾರ್ನ್ ಕಟ್ಟಿಕೊಂಡು ಇವತ್ತು ರಾತ್ರಿ ಆಟ ಉಂಟು ಅಂತ ಅನೌನ್ಸ್ ಮಾಡಿಕೊಂಡು ಹೋಗುವುದನ್ನು ನಾವೆಲ್ಲ ಕೇಳಿದ್ದೇವೆ. ಅದೇ ರಸ್ತೆಯಲ್ಲಿ ಕಾಂಪೊನೆಂಟ್ ಸ್ಪೀಕರ್ ಹಾಕಿಸಿದ ಕಾರು ಹೋದರೆ, ಗ್ಲಾಸ್ ಮುಚ್ಚಿದ್ದರೂ ಬೇಸ್ ಹೊರಗೆ ಬರ್ತದೆ. ಈ ಎರಡೂ ಶಬ್ದಗಳ ಹಿಂದೆ ಹೋದರೆ ಸಿಗುವ ಒಂದು ಹೆಸರು ಪೀಟರ್ ಜೆನ್ಸನ್.

ಜೆನ್ಸನ್ ಹುಟ್ಟಿದ್ದು 1886ರಲ್ಲಿ, ಡೆನ್ಮಾರ್ಕಿನ ಫಾಲ್ಸ್ಟರ್ ದ್ವೀಪದಲ್ಲಿ. ಓದಿನಲ್ಲಿ ಹುಷಾರಿದ್ದ. ಆದರೆ ತಂದೆ ತೀರಿಹೋದದ್ದರಿಂದ ಯೂನಿವರ್ಸಿಟಿ ಆಸೆ ಅಲ್ಲಿಗೇ ನಿಂತಿತು. 1903ರಲ್ಲಿ ಕೋಪನ್‌ಹೇಗನ್‌ನಲ್ಲಿ ವಾಲ್ಡೆಮಾರ್ ಪೌಲ್ಸೆನ್ ಎಂಬ ಸಂಶೋಧಕರ ಲ್ಯಾಬಿಗೆ ಕೆಲಸ ಕಲಿಯಲು ಸೇರಿದ. ಉಕ್ಕಿನ ತಂತಿಯ ಮೇಲೆ ಧ್ವನಿಯನ್ನು ರೆಕಾರ್ಡ್ ಮಾಡಿ ತೋರಿಸಿದವರು ಈ ಪೌಲ್ಸೆನ್. ಅಂದರೆ ನಮ್ಮ ಕಥಾನಾಯಕನಿಗೆ ಬಿ.ಇ. ಇಲ್ಲ. ಇದ್ದದ್ದು ಲ್ಯಾಬ್ ಮಾತ್ರ, ಅದೂ ಎರಡು ಗಂಟೆಯ ಲ್ಯಾಬ್ ಅಲ್ಲ!

1909ರಲ್ಲಿ ಪೌಲ್ಸೆನ್ ರೇಡಿಯೋ ಉಪಕರಣಗಳ ಕೆಲಸಕ್ಕಾಗಿ ಅವನನ್ನು ಅಮೆರಿಕಕ್ಕೆ ಕಳಿಸಿದರು. ಅಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ ಎಡ್ವಿನ್ ಪ್ರಿಡಮ್ ಎಂಬ ಎಂಜಿನಿಯರ್ ಜೊತೆಯಾದ. ಇಬ್ಬರೂ ಸೇರಿ ಕ್ಯಾಲಿಫೋರ್ನಿಯಾದ ನಾಪಾ ಊರಿನಲ್ಲಿ ಒಂದು ಮನೆ ಹಿಡಿದು ಪ್ರಯೋಗಕ್ಕೆ ಇಳಿದರು.

ಆಗಿನ ಟೆಲಿಫೋನ್ ರಿಸೀವರಿನಲ್ಲಿ ಒಂದು ಕಬ್ಬಿಣದ ತಗಡನ್ನು ಮ್ಯಾಗ್ನೆಟ್ ಎಳೆದು ಬಿಡ್ತಿತ್ತು. ಶಬ್ದ ಸಣ್ಣದು, ಅದೂ ಕರಕರ. ಇವರು ಅದನ್ನು ತಿರುಗಿಸಿ ಯೋಚಿಸಿದರು. ಮ್ಯಾಗ್ನೆಟ್ ಅಲ್ಲಾಡದೆ ಇರಲಿ, ಅದರ ನಡುವಿನ ತಂತಿಯೇ ಅಲ್ಲಾಡಲಿ, ಆ ತಂತಿಗೆ ಡಯಾಫ್ರಮ್ ಅಂಟಿಸೋಣ ಅಂತ. ಮ್ಯಾಗ್ನೆಟಿಕ್ ಫೀಲ್ಡ್, ಕರೆಂಟ್, ತಂತಿಯ ಉದ್ದ, ಈ ಮೂರನ್ನು ಗುಣಿಸಿದರೆ ಬಲ ಬರ್ತದೆ ಅಂತ ನಾವು ಪಿಯುಸಿಯಲ್ಲೇ ಬರೆದಿದ್ದೇವಲ್ಲ, ಅದೇ. ಶಬ್ದ ಭಾರಿ ಸ್ಪಷ್ಟವಾಗಿ ಬಂತು. ಆದರೆ ಸುರುಳಿ ಅಲ್ಲಾಡುವ ಮೂಲ ಉಪಾಯ ಇವರದ್ದೇ ಅಲ್ಲ. ಜರ್ಮನಿಯ ಸೀಮೆನ್ಸ್ 1874ರಲ್ಲೂ ಇಂಗ್ಲೆಂಡಿನ ಆಲಿವರ್ ಲಾಡ್ಜ್ 1898ರಲ್ಲೂ ಆ ದಾರಿಯಲ್ಲಿ ಹೋಗಿ ಆಗಿತ್ತು. ಹೊಸ ರಿಸೀವರನ್ನು ಟೆಲಿಫೋನ್ ಕಂಪನಿಗೆ ತೋರಿಸಿದರೆ ಅವರಿಗೂ ಬೇಡವಾಯಿತು. ವರ್ಷಗಟ್ಟಲೆ ಮಾಡಿದ ಕೆಲಸಕ್ಕೆ ಗಿರಾಕಿಯೇ ಇಲ್ಲ.

ಆಗ ಪರಿಚಯದವರೊಬ್ಬರು ಇದಕ್ಕೆ ಗ್ರಾಮಫೋನಿನ ಹಾರ್ನ್ ಹಾಕಿ ನೋಡಬಾರದಾ ಅಂತ ಕೇಳಿದರಂತೆ. 1915ರಲ್ಲಿ ಹಾಕಿದರು. ಮೈಕ್ ಪಕ್ಕದಲ್ಲೇ ಇದ್ದದ್ದರಿಂದ ಮೊದಲು ಬಂದದ್ದು ಕಿವಿ ಒಡೆಯುವ ಕೂಗು. ಸಭೆ ಶುರುವಾಗುವ ಮೊದಲು ನಮ್ಮ ಕಾಲೇಜಿನ ಆಡಿಟೋರಿಯಮ್ಮಿನಲ್ಲಿ ಬರುವ ಅದೇ ಕುಂಯ್! ಆಮೇಲೆ ಹಾರ್ನನ್ನು ಮನೆಯ ಮಾಡಿನ ಮೇಲಿಟ್ಟು ಹಾಡು ಹಾಕಿದಾಗ ಸುಮಾರು ಒಂದು ಮೈಲಿ ದೂರಕ್ಕೆ ಕೇಳಿತು. ಅದೇ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜನರ ಮುಂದೆ ಪ್ರದರ್ಶನ ಆಯಿತು. ಸ್ಪೀಕರಿಗೆ ಇಟ್ಟ ಹೆಸರು ಮ್ಯಾಗ್ನಾವಾಕ್ಸ್, ಲ್ಯಾಟಿನ್‌ನಲ್ಲಿ ಮಹಾಧ್ವನಿ. 1917ರಲ್ಲಿ ಅದೇ ಹೆಸರಿನ ಕಂಪನಿಯೂ ಆಯಿತು.

1919ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಸ್ಯಾನ್ ಡಿಯೆಗೊ ಸ್ಟೇಡಿಯಮ್ಮಿನಲ್ಲಿ ಮಾತಾಡಬೇಕಿತ್ತು. ಅವರ ಆರೋಗ್ಯ ಆಗಲೇ ಕೆಟ್ಟಿತ್ತು. ಗಾಜಿನ ಕೋಣೆಯೊಳಗೆ ನಿಂತು ಮಾತಾಡಿದರು, ಹೊರಗೆ ಸುಮಾರು 50,000 ಜನ. ಅಲ್ಲಿಯವರೆಗೆ ಭಾಷಣ ಮಾಡುವವನಿಗೆ ಗಂಟಲೇ ಬಂಡವಾಳ. ಆ ದಿನ ಒಬ್ಬ ಕಾಯಿಲೆಯ ಮನುಷ್ಯನ ಸಾಧಾರಣ ಸ್ವರ ಸ್ಟೇಡಿಯಂ ತುಂಬಿತು. ನನಗೆ ಇಡೀ ಕಥೆಯಲ್ಲಿ ಬಹಳ ಇಷ್ಟವಾದದ್ದು ಈ ಜಾಗ.

ನಂತರದ್ದು ಅಷ್ಟು ಸಿಹಿ ಅಲ್ಲ. 1925ರಲ್ಲಿ ಜೆನ್ಸನ್ ಮ್ಯಾಗ್ನಾವಾಕ್ಸ್ ಬಿಟ್ಟ. ಅದೇ ವರ್ಷ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್ ಹಾರ್ನ್ ಬೇಡದ, ಕೋನ್ ಇರುವ ಸ್ಪೀಕರಿನ ಲೆಕ್ಕಾಚಾರ ಪ್ರಕಟಿಸಿದರು. ಈಗ ಕಾರಿನ ಡೋರಿನಲ್ಲಿರುವುದು ಆ ಜಾತಿಯದ್ದು. ಕೋನಿನ ಎದುರಿನ ಅಲೆ ಮತ್ತು ಹಿಂದಿನ ಅಲೆ ಸೇರಿದರೆ ಒಂದನ್ನೊಂದು ಕೊಂದುಕೊಳ್ತವೆ. ಆದ್ದರಿಂದಲೇ ಡೋರಿನ ಒಳತಗಡಿನ ತೂತುಗಳನ್ನು ಮುಚ್ಚದೆ ಆರೂವರೆ ಇಂಚಿನ ವೂಫರ್ ಕೂರಿಸಿದರೆ ಬೇಸ್ ಬರುವುದಿಲ್ಲ. ಹಾಗಂತ ಕೆಳಗೆ ನೀರು ಇಳಿಯುವ ತೂತು ಮುಚ್ಚಬೇಡಿ ಮಾರಾಯ್ರೆ, ನಮ್ಮೂರಿನ ಜೂನ್ ಮಳೆಗೆ ಡೋರೇ ಬಾವಿ ಆದೀತು. ಟ್ವೀಟರಿಗೆ ಹೋಗುವ ತಂತಿಯಲ್ಲಿ ಒಂದು ಕೆಪಾಸಿಟರ್ ಬೇಕು. 4 ಓಮ್, 3000 ಹರ್ಟ್ಸ್ ಅಂತ ಹಿಡಿದರೆ ಸುಮಾರು 13 ಮೈಕ್ರೋಫ್ಯಾರಡ್. ಲೆಕ್ಕ ನೀವೇ ಮಾಡಿ ನೋಡಿ, ಇಂಟರ್ನಲ್ಸ್‌ಗೂ ಆಗ್ತದೆ.

ಜೆನ್ಸನ್ ಹೊಸದಾಗಿ ತನ್ನದೇ ಹೆಸರಿನಲ್ಲಿ ಸ್ಪೀಕರ್ ಕಂಪನಿ ಕಟ್ಟಿ ಅದನ್ನು ಶಿಕಾಗೊಗೆ ಒಯ್ದ. ಕಂಪನಿ ಬೆಳೆಯಿತು. 1940ರ ದಶಕದಲ್ಲಿ ಅದರಿಂದಲೂ ಹೊರಬಂದ. ತನ್ನ ಹೆಸರು ಅಲ್ಲೇ ಉಳಿಯಿತು, ತಾನು ಉಳಿಯಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿ ಇನ್ನೊಂದು ಕಂಪನಿಯಲ್ಲಿ ಗ್ರಾಮಫೋನ್ ಸೂಜಿ ತಯಾರಿಸಿದ. 1956ರಲ್ಲಿ ಡೆನ್ಮಾರ್ಕಿನ ರಾಜ ಅವನಿಗೆ ನೈಟ್ ಪದವಿ ಕೊಟ್ಟು ಗೌರವಿಸಿದರು. 1961ರಲ್ಲಿ ತೀರಿಕೊಂಡ.

1970ರ ದಶಕದಲ್ಲಿ ಅಮೆರಿಕದ ಕಾರುಗಳಲ್ಲಿ ಟ್ರಯಾಕ್ಸ್ ಎಂಬ ಮೂರು ಡ್ರೈವರಿನ ಸ್ಪೀಕರ್ ಹೆಸರು ಮಾಡಿತು. ಅದರ ಮೇಲೆ ದೊಡ್ಡದಾಗಿ ಜೆನ್ಸನ್ ಅಂತ ಬರೆದಿತ್ತು.