ಖಡ್ಗವನ್ನಿಳಿಸಿದ ವೀರನ ಅಂತರಂಗದ ಸಮರ

ಪ್ರತಿವರ್ಷ ಜುಲೈ 31ರಂದು ಧರ್ಮಸಭೆಯು ಸಂತ ಇಗ್ನೇಷಿಯಸ್ ಲೊಯೋಲರ ಹಬ್ಬವನ್ನು ಆಚರಿಸುತ್ತದೆ. ಯೇಸುಸಭೆಯ ಸಂಸ್ಥಾಪಕರೆಂದು ನಾವೆಲ್ಲರೂ ಅವರನ್ನು ಬಲ್ಲೆವು. ಆದರೆ ಈ ಮಹಾಪುರುಷರು ಒಮ್ಮೆ ದೇವರ ಕ್ಷಮೆಯನ್ನೇ ನಂಬಲಾರದೆ ಪ್ರಾಣತ್ಯಾಗದ ಅಂಚಿಗೆ ಬಂದಿದ್ದರೆಂಬುದನ್ನು ನಾವು ಅಷ್ಟಾಗಿ ಸ್ಮರಿಸುವುದಿಲ್ಲ.

1491ರಲ್ಲಿ ಸ್ಪೇನ್ ದೇಶದ ಬಾಸ್ಕ್ ಸೀಮೆಯಲ್ಲಿ ಜನಿಸಿದ ಇವರ ಮೊದಲ ಹೆಸರು ಇನಿಗೊ. ಯೌವನದಲ್ಲಿ ಅವರಿಗಿದ್ದುದು ಕೀರ್ತಿಯ ಹಂಬಲವೊಂದೇ. 1521ರ ಮೇ 20ರಂದು ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫ್ರೆಂಚರ ಫಿರಂಗಿಯ ಗುಂಡು ಅವರ ಬಲಗಾಲನ್ನು ಮುರಿಯಿತು. ಕೂಡಿಕೊಂಡ ಮೂಳೆ ವಿಕಾರವಾಗಿ ಉಬ್ಬಿದಾಗ, ಅಂದದ ಬೂಟು ತೊಡಲೆಂದು ಅದನ್ನು ಗರಗಸದಿಂದ ಕೊಯ್ಯಿಸಿಕೊಂಡರು. ಹಾಸಿಗೆಯಲ್ಲಿ ಓದಲು ವೀರರ ಕಥೆಗಳನ್ನು ಬೇಡಿದರು. ಮನೆಯಲ್ಲಿ ದೊರೆತದ್ದು ಕ್ರಿಸ್ತರ ಚರಿತ್ರೆ ಮತ್ತು ಸಂತರ ಜೀವನಗಳು. ಆ ಓದು ಅವರನ್ನು ಬದಲಿಸಿತು. 1522ರ ಮಾರ್ಚ್ ತಿಂಗಳಲ್ಲಿ ಮೊನ್ಸೆರಾತ್ ಬೆಟ್ಟದ ದೇವಾಲಯದಲ್ಲಿ ಮೂರು ದಿನಗಳ ಕಾಲ ಸಮಗ್ರ ಪಾಪನಿವೇದನೆ ಮಾಡಿ, ಮಾತೆ ಮರಿಯಳ ಪೀಠದ ಮುಂದೆ ಇರುಳೆಲ್ಲ ಜಾಗರಣೆಯಿದ್ದು, ಖಡ್ಗವನ್ನು ಅಲ್ಲಿಯೇ ಬಿಟ್ಟು ನಡೆದರು.

ನಿಜವಾದ ಯುದ್ಧವು ಆರಂಭವಾದದ್ದು ಅನಂತರ, ಮನ್ರೇಸಾ ಪಟ್ಟಣದಲ್ಲಿ. ನಿವೇದಿಸಿದ ಪಾಪಗಳಲ್ಲಿ ಏನೋ ಉಳಿದುಹೋಯಿತೆಂಬ ಶಂಕೆ ಅವರನ್ನು ಹಿಡಿಯಿತು. ಮತ್ತೆ ಮತ್ತೆ ನಿವೇದಿಸಿದರೂ ಶಾಂತಿಯಿಲ್ಲ. ತೀರ ಸ್ಪಷ್ಟವಾದ ಪಾಪಗಳ ಹೊರತು ಹಳೆಯದನ್ನು ಹೇಳಬೇಡವೆಂದು ಗುರುಗಳು ಆಜ್ಞಾಪಿಸಿದರು; ಇವರಿಗಾದರೋ ಎಲ್ಲವೂ ಸ್ಪಷ್ಟವಾಗಿಯೇ ತೋರುತ್ತಿದ್ದವು! ದಿನಕ್ಕೆ ಏಳು ಗಂಟೆ ಮೊಣಕಾಲೂರಿ ಪ್ರಾರ್ಥಿಸಿದರು. ಕೋಣೆಯಲ್ಲಿದ್ದ ಆಳವಾದ ಕುಳಿಗೆ ಹಾರುವ ಪ್ರೇರಣೆ ಬಂದಾಗ, ದೇವರಿಗೆ ನೋವಾಗುವುದನ್ನು ಮಾಡಲಾರೆನೆಂದು ಮೊರೆಯಿಟ್ಟರು. ಕಡೆಗೆ ಒಂದು ವಾರ ಅನ್ನನೀರು ತೊರೆದರು. ಗುರುಗಳು ಉಣ್ಣಬೇಕೆಂದು ವಿಧಿಸಿದಾಗ ವಿಧೇಯರಾದರು. ಎರಡು ದಿನ ನೆಮ್ಮದಿ. ಮೂರನೆಯ ದಿನ ಮತ್ತದೇ ಕತ್ತಲೆ.

ಆಗ ಅವರು ತಮ್ಮನ್ನು ತಾವೇ ಪ್ರಶ್ನಿಸಿಕೊಂಡರು: ಈ ತಳಮಳ ಯಾವ ಮೂಲದಿಂದ ಬರುತ್ತಿದೆ, ಎತ್ತ ಒಯ್ಯುತ್ತಿದೆ? ಅದು ಒಯ್ಯುತ್ತಿದ್ದುದು ದೇವರ ಕಡೆಗಲ್ಲ, ಸತ್ಕಾರ್ಯವನ್ನೇ ತೊರೆಯುವ ಕಡೆಗೆ. ಹಾಗಿದ್ದಮೇಲೆ ಅದು ದೇವರ ದನಿಯಲ್ಲವೆಂದು ತಿಳಿದು, ಹಳೆಯ ಪಾಪಗಳನ್ನು ಇನ್ನು ನಿವೇದಿಸೆನೆಂದು ನಿಶ್ಚಯಿಸಿದರು. ಬಂಧನ ಕಳಚಿತು. ಈ ಅನುಭವದಿಂದಲೇ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಅವರ ಗ್ರಂಥವು ರೂಪುಗೊಂಡಿತು. 1540ರಲ್ಲಿ ಜಗದ್ಗುರು ಮೂರನೆಯ ಪೌಲರು ಯೇಸುಸಭೆಗೆ ಮನ್ನಣೆಯಿತ್ತರು. ಮೊದಲ ಸಂಗಾತಿಗಳಲ್ಲೊಬ್ಬರಾದ ಫ್ರಾನ್ಸಿಸ್ ಝೇವಿಯರರು 1542ರಲ್ಲಿ ಗೋವೆಗೆ ಬಂದರು. 1556ರಲ್ಲಿ ದೈವಾಧೀನರಾದ ಇಗ್ನೇಷಿಯಸರು 1622ರಲ್ಲಿ ಸಂತಪದವಿಗೇರಿದರು.

ಪಶ್ಚಾತ್ತಾಪ ಬೇರೆ, ಹತಾಶೆ ಬೇರೆ. ಪಶ್ಚಾತ್ತಾಪವು ದೇವರನ್ನು ನೋಡುತ್ತದೆ. ಹತಾಶೆಯು ತನ್ನನ್ನೇ ನೋಡಿಕೊಳ್ಳುತ್ತದೆ. ನಮ್ಮ ಕುಟುಂಬಗಳಲ್ಲಿಯೂ ಹಳೆಯ ತಪ್ಪೊಂದನ್ನು ಹೊತ್ತು ಮೌನವಾಗಿ ಬೇಯುವವರಿರಬಹುದು. ಅವರನ್ನು ಒಂಟಿಯಾಗಿ ಬಿಡದೆ ಅವರ ಮಾತಿಗೆ ಕಿವಿಗೊಡೋಣ. ಇಗ್ನೇಷಿಯಸರೂ ತಮ್ಮ ಕತ್ತಲೆಯನ್ನು ಗುರುಗಳ ಮುಂದೆ ಬಿಚ್ಚಿಟ್ಟವರೇ. ದೇವರು ಕ್ಷಮಿಸಿದ್ದನ್ನು ನಾವು ಮತ್ತೆ ತೂಗಿ ನೋಡುವುದು ಬೇಡ.