ಭಿಕ್ಷೆಗೆ ನಿಂತ ಬಿಷಪ್ಪರು

ಬ್ರಹ್ಮಾವರದ ಸೈಂಟ್ ಮೇರೀಸ್ ಸಿರಿಯನ್ ಇಗರ್ಜಿಯನ್ನು ಕಾಣದವರು ಈ ಕಡೆ ಕಡಿಮೆ. ಅಲ್ಲಿನವರ ಮನೆಮಾತು ಕೊಂಕಣಿ, ಮೂಲ ಗೋವಾ. ಆದರೆ ಸೇರಿದ್ದು ಕೇರಳದ ಮಲಂಕರ ಆರ್ಥೊಡಾಕ್ಸ್ ಸಭೆಗೆ. ಇದೆಲ್ಲಿಯ ನಂಟು ಅಂತ ಹುಡುಕುತ್ತಾ ಹೋದರೆ ಸಿಗುವ ಹೆಸರು ಅಲ್ವಾರಿಸ್ ಮಾರ್ ಜೂಲಿಯಸ್. ಬಿಷಪ್ಪರಾಗಿದ್ದವರು, ಮುಪ್ಪಿನಲ್ಲಿ ಪಣಜಿಯ ಬೀದಿಯಲ್ಲಿ ಬಟ್ಟಲು ಹಿಡಿದು ಬೇಡಿದವರು. ಸ್ವಂತಕ್ಕಲ್ಲ, ಪರರಿಗೆ!

ಆಂಟೋನಿಯೊ ಫ್ರಾನ್ಸಿಸ್ಕೊ ಕ್ಸೇವಿಯರ್ ಅಲ್ವಾರಿಸ್ ಹುಟ್ಟಿದ್ದು 1836ರ ಏಪ್ರಿಲ್ 29ರಂದು, ಗೋವಾದ ವೆರ್ಣಾ ಎಂಬ ಊರಿನಲ್ಲಿ. ಕಲಿತು ಪಾದ್ರಿಯಾದರು. ಆ ಕಾಲದ ಗೋವಾದಲ್ಲಿ ಪಾದ್ರಿಯಾದರೆ ಊಟಕ್ಕೂ ಮರ್ಯಾದೆಗೂ ತೊಂದರೆ ಇರಲಿಲ್ಲ. ಪೂಜೆ ಮಾಡಿಕೊಂಡು, ಕಾಣಿಕೆ ಎಣಿಸಿಕೊಂಡು ಆರಾಮವಾಗಿ ಇರಬಹುದಿತ್ತು. ಇವರು ಇರಲಿಲ್ಲ. 1871ರಲ್ಲೇ, ಮೂವತ್ತೈದರ ಪ್ರಾಯದಲ್ಲಿ, ಪಣಜಿಯಲ್ಲಿ ಬಡವರಿಗಾಗಿ ಒಂದು ಸಂಘ ಕಟ್ಟಿದರು. ಮೊದಲು ಕೈಹಾಕಿದ್ದು ಬೀದಿ ಅಲೆಯುವ ಭಿಕ್ಷುಕರ ವಿಷಯಕ್ಕೆ. ಮುಂದೆ ಆ ಸಂಘ ಗೋವಾದ ಬೇರೆ ಪೇಟೆಗಳಿಗೂ ಹಬ್ಬಿತು.

ಬಡವರಿಗೆ ಕೊಡುವುದು ಕ್ರಿಸ್ತಾನರಿಗೆ ಹೊಸ ಮಾತಲ್ಲ. ಹಸಿದವನಿಗೆ ಉಣಿಸಿದ್ದು ತನಗೇ ಉಣಿಸಿದಂತೆ ಅಂತ ಯೇಸು ಹೇಳಿದ್ದನ್ನು ಪ್ರತಿ ಇಗರ್ಜಿಯಲ್ಲೂ ಓದುತ್ತಾರೆ. ಗೋವಾದಲ್ಲಿ ಪೋರ್ಚುಗೀಸರ ಕಾಲದಿಂದ ಮಿಸೆರಿಕಾರ್ದಿಯಾ ಎಂಬ ದಾನದ ಸಂಸ್ಥೆಯೂ ಇತ್ತು. ಆದರೆ ಪ್ರಶ್ನೆ ಬೇರೆ. ಬಡವನನ್ನು ನೋಡಿಕೊಳ್ಳುವುದು ಯಾರ ಕೆಲಸ? ಇಗರ್ಜಿಯದೋ, ಸರಕಾರದ್ದೋ, ನೆರೆಮನೆಯವನದೋ? ಇವರು ಅವರ ಮೇಲೆ, ಅವರು ಇವರ ಮೇಲೆ ಹಾಕಿ ಕೂತರೆ ನಡುವೆ ಹಸಿದವನ ಗತಿ ಏನು? ಅಲ್ವಾರಿಸರು ಭಾಷಣ ಮಾಡಿ ಕೂರಲಿಲ್ಲ. ಪೇಟೆಯಲ್ಲಿ ಅಂಗಡಿ ಇಟ್ಟವನಿಂದ ಹಿಡಿದು ಎಲ್ಲರ ಕೈಯಿಂದಲೂ ಕೊಡಿಸಿದರು.

ಬಾಯಿ ಮುಚ್ಚಿಕೊಂಡು ಇದ್ದವರೂ ಅಲ್ಲ. ಪತ್ರಿಕೆ ನಡೆಸಿ ಇಗರ್ಜಿಯ ದೊಡ್ಡವರನ್ನೂ ಪೋರ್ಚುಗೀಸ್ ಸರಕಾರವನ್ನೂ ಟೀಕಿಸಿದರು. ಒಂದನ್ನು ನಿಲ್ಲಿಸಿದರೆ ಇನ್ನೊಂದು ಹೆಸರಿನಲ್ಲಿ ಮತ್ತೊಂದು! ಮೇಲಿನವರ ಸಿಟ್ಟು ನೆತ್ತಿಗೇರಿತು. ಕೊನೆಗೆ ಅವರನ್ನು ಸಭೆಯಿಂದ ಬಹಿಷ್ಕರಿಸಿದರು.

ಅದೇ ಹೊತ್ತಿಗೆ ನಮ್ಮ ಕಡೆಯೂ ಗಲಾಟೆ ಎದ್ದಿತ್ತು. 1570ರ ಕುಂದಾಪುರದ ರೋಜರಿ ಇಗರ್ಜಿಯಿಂದ ಕಲ್ಯಾಣಪುರದವರೆಗೆ ಹಿಂದಿನಿಂದ ಓಡಾಡಿದ್ದು ಗೋವಾದ ಪಾದ್ರಿಗಳು. 1886ರಲ್ಲಿ ರೋಮಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಗಿ ಗೋವಾದ ಅಧಿಕಾರ ಇಲ್ಲಿಂದ ತಪ್ಪಿತು, ಇಗರ್ಜಿಗಳು ಮಂಗಳೂರು ಬಿಷಪ್ಪರ ಕೈಗೆ ಬಂದವು. ಕಲ್ಯಾಣಪುರ, ಬ್ರಹ್ಮಾವರದ ಕೆಲವರು ಒಪ್ಪಲಿಲ್ಲ. ಅವರ ಮುಂದಾಳು ಗೋವಾದಿಂದ ಬಂದ ನೊರೊನ್ಹಾ ಪಾದ್ರಿ. ಅವರು ಹಿಡಿದದ್ದು ಅಲ್ವಾರಿಸರ ಕೈ. 1889ರ ಜುಲೈ 29ರಂದು ಕೋಟ್ಟಯಂನ ಹಳೆ ಸೆಮಿನರಿಯಲ್ಲಿ ಅಲ್ವಾರಿಸರಿಗೆ ಬಿಷಪ್ ಪಟ್ಟವಾಯಿತು. ಹೆಸರು ಮಾರ್ ಜೂಲಿಯಸ್. ಗೋವಾ, ಸಿಲೋನು ಮತ್ತು ಭಾರತಕ್ಕೆ ಮೆಟ್ರೊಪಾಲಿಟನ್. 1892ರಲ್ಲಿ ಕೊಲಂಬೊದಲ್ಲಿ ಅಮೆರಿಕದಿಂದ ಬಂದ ವಿಲಾತ್ ಎಂಬವರಿಗೆ ಇವರೇ ಪಟ್ಟ ಕಟ್ಟಿದರು. ಇಲ್ಲಿ ನೊರೊನ್ಹಾ ಪಾದ್ರಿಗಳು 1936ರಲ್ಲಿ ತೀರಿಕೊಳ್ಳುವವರೆಗೂ ಜನರನ್ನು ಬಿಟ್ಟು ಹೋಗಲಿಲ್ಲ.

ಪಟ್ಟ ಬಂತು, ಸುಖ ಬರಲಿಲ್ಲ. ಗೋವಾಕ್ಕೆ ಮರಳಿದವರನ್ನು ಬಿಷಪ್ಪರ ಉಡುಪು ಹಾಕಿದ್ದೇ ಅಪರಾಧ ಅಂತ ಪೊಲೀಸರು ಹಿಡಿದರು. ಕೋರ್ಟಿನಲ್ಲಿ ಮೊಕದ್ದಮೆ ನಿಲ್ಲಲಿಲ್ಲ, ಬಿಡುಗಡೆಯಾಯಿತು. ಕಾಲರಾ ಬಂದಾಗ ಅದರ ಚಿಕಿತ್ಸೆಯ ಬಗ್ಗೆ ಪುಸ್ತಿಕೆ ಬರೆದು ಹಂಚಿದರು. ಅಕ್ಕಿ ಸಾಲದ ದಿನಗಳಲ್ಲಿ ಮರಗೆಣಸು ಬೆಳೆಯಿರಿ, ಅಗ್ಗದಲ್ಲಿ ಹೊಟ್ಟೆ ತುಂಬುತ್ತದೆ ಅಂತ ಜನರಿಗೆ ತಿಳಿಹೇಳಿದರು. ದಾನವೆಂದರೆ ಬರೇ ಚಿಲ್ಲರೆ ಕಾಸಲ್ಲ ಅಂತ ಅವರಿಗೆ ಗೊತ್ತಿತ್ತು.

ಕೊನೆಯ ಹತ್ತು ವರ್ಷ ಪಣಜಿಯಲ್ಲಿ ದಿಕ್ಕಿಲ್ಲದವರಿಗೆ ಒಂದು ಆಶ್ರಯ ನಡೆಸಿದರು. ಕುಷ್ಠರೋಗಿಗಳು, ಕ್ಷಯದವರು, ಮನೆಯವರೇ ಹೊರಗೆ ಹಾಕಿದವರು ಅಲ್ಲಿದ್ದರು. ಹಣ ಎಲ್ಲಿಂದ? ಕಾಣಿಕೆ ಡಬ್ಬ ಇಲ್ಲ, ಗೇಣಿ ಬರುವ ಗದ್ದೆ ಇಲ್ಲ. ಬಟ್ಟಲು ಹಿಡಿದು ಬೀದಿಗೆ ಇಳಿದರು. ಬೇಡಬೇಕಾದ್ದು ಯಾರಲ್ಲಿ? ತಮ್ಮನ್ನು ಹೊರಗೆ ಹಾಕಿದ ಸಭೆಯ ಜನರಲ್ಲೇ! ಒಬ್ಬ ಅಂಗಡಿಯವ ದುಡ್ಡು ಹಾಕುವ ಬದಲು ಬಟ್ಟಲಿಗೆ ಉಗಿದನಂತೆ. ಮುದುಕರು ಸಿಟ್ಟಾಗಲಿಲ್ಲ. ಇದು ತನ್ನ ಪಾಲಿಗೆ ಬಂದದ್ದು, ಇನ್ನು ಬಡವರ ಪಾಲಿನದ್ದು ಕೊಡಬೇಕು ಅಂತ ಕೇಳಿದರಂತೆ. ಅಂಗಡಿಯವ ತಲೆತಗ್ಗಿಸಿ ಧಾರಾಳ ಕೊಟ್ಟನೆಂದು ಇಂದಿಗೂ ಹೇಳುತ್ತಾರೆ.

1923ರ ಸೆಪ್ಟೆಂಬರ್ 23ರಂದು ರಿಬಂದರದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ವಯಸ್ಸು 87. ಹೆಣದ ಹತ್ತಿರ ರೋಮನ್ ಪಾದ್ರಿ ಬರುವುದು ಬೇಡ ಅಂತ ಮೊದಲೇ ಹೇಳಿದ್ದರು. ಊರ ಗಣ್ಯರೇ ಸೇರಿ ಎಲ್ಲ ಮಾಡಿದರು. ಮುನ್ಸಿಪಾಲಿಟಿಯ ಹಾಲಿನಲ್ಲಿ ದೇಹ ಇಟ್ಟರೆ ನೋಡಲು ಮುಗಿಬಿದ್ದವರಲ್ಲಿ ಬಡವರು, ಭಿಕ್ಷುಕರೇ ಬಹಳ. ಸಾಂತ ಇನೇಸ್ ಸ್ಮಶಾನದಲ್ಲಿ ಮಂತ್ರವಿಲ್ಲದೆ ಮಣ್ಣು ಮಾಡಿದರು. 1927ರಲ್ಲಿ ಅಭಿಮಾನಿಗಳು ಎಲುಬುಗಳನ್ನು ತೆಗೆದು ಸೀಸದ ಪೆಟ್ಟಿಗೆಯಲ್ಲಿಟ್ಟು, ಮೇಲೆ ಕಲ್ಲು, ಶಿಲುಬೆ ನಿಲ್ಲಿಸಿದರು. ಮುಂದೆ ಮಲಂಕರ ಸಭೆಯವರು ಅವನ್ನು ರಿಬಂದರದ ತಮ್ಮ ಇಗರ್ಜಿಗೆ ಒಯ್ದರು.

ಪಟ್ಟ, ಪಂಗಡ, ಮೊಕದ್ದಮೆ, ಎಲ್ಲ ಹಳತಾಯಿತು. ಬಟ್ಟಲು ಮಾತ್ರ ಹಳತಾಗಲಿಲ್ಲ. ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ, ಬೈಂದೂರಿನ ಸ್ಟೇಷನ್ನಿನಲ್ಲಿ ಚಾಚಿದ ಕೈ ಕಂಡಾಗ ಇವನು ನಮ್ಮವನೋ, ಅವರವನೋ ಅಂತ ಲೆಕ್ಕ ಹಾಕುವವರು ಇದ್ದೇ ಇದ್ದಾರೆ. ಯಾವ ಸಭೆಯ ಆಸರೆಯೂ ಇಲ್ಲದ ರೋಗಿಗಳಿಗಾಗಿ, ತನ್ನನ್ನು ಬೇಡವೆಂದವರ ಬಾಗಿಲಲ್ಲೇ ನಿಂತು ಬೇಡಿದ ಒಬ್ಬ ಬಿಷಪ್ ಇದ್ದರು ಎಂಬುದು ಆಗ ನೆನಪಾದರೆ ಸಾಕು.